ಅಕ್ಕನಿಗೆ ಓದಿ ಹೇಳದ ಪತ್ರ

ನಮ್ಮಪ್ಪ ಕಟ್ಟಿಸಿದ ಮನೆಯಲ್ಲಿ ನನ್ನ ಅಕ್ಕನಿಗಿದ್ದ ಪಾಲನ್ನು ಅವಳಿಗೆ ತಿಳಿಯದಂತೆ ನನ್ನ ಹೆಸರಿಗೆ ಬರೆಸಿಕೊಂಡವನು ನಾನು. ಹೆದರಿಸಿ ಅಲ್ಲ, ಜಗಳವಾಡಿ ಅಲ್ಲ. "ಬ್ಯಾಂಕಿನೋರು ಕೇಳ್ಯಾರಕ್ಕಾ, ಸುಮ್ನ ಒಂದು ಸಹಿ" ಅಂದೆ — ಅಷ್ಟೆ. ಅವಳು ಹಾಕಿದಳು. ಈ ಮಾತನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ವಕೀಲ. ಮನೆ ಕೊಳ್ಳುವವರು, ಮನೆಯ ಮೇಲೆ ಸಾಲ ಎತ್ತುವವರು, ಇದ್ದ ಸಾಲವನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸುವವರು — ಇವರೇ ನನಗೆ ಅನ್ನ ಕೊಟ್ಟವರು. ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಖಾತೆ ನನ್ನ ಹೆಸರಿನ್ಯಾಗ ಐತಲ್ಲ, ಮತ್ಯಾಕ್ರಿ ಇಷ್ಟು ಕಾಗದ? ಋಣಭಾರ ಪತ್ರ ಒಂದಿದ್ದರೆ ಸಾಲದೇನ್ರಿ? ಹಳೇ ಬ್ಯಾಂಕಿನ ವಕೀಲರು ನೋಡಿದ್ದನ್ನ ಹೊಸ ಬ್ಯಾಂಕಿನವರು ಮತ್ತ್ಯಾಕ ನೋಡ್ತಾರ? ಎಲ್ಲವನ್ನೂ ಕೇಳಿ, ಕೊನೆಗೆ ಎದ್ದು ಹೋಗುವಾಗ, ಚಪ್ಪಲಿ ಮೆಟ್ಟಿಕೊಳ್ಳುತ್ತ, ದನಿ ಸ್ವಲ್ಪ ತಗ್ಗಿಸಿ ಇನ್ನೊಂದು ಕೇಳುತ್ತಾರೆ: "ಅಕ್ಕ-ತಂಗೇರ ಸಹಿ ಬೇಕೇನ್ರಿ?"

ಬೇಕು, ಅನ್ನುತ್ತೇನೆ. ಯಾಕೆ ಬೇಕು ಅಂತ ಅವರಿಗೂ ಬಿಡಿಸಿ ಹೇಳಿ, ಅಂತಲೂ ಅನ್ನುತ್ತೇನೆ. ಗಟ್ಟಿ ದನಿಯಲ್ಲೇ ಅನ್ನುತ್ತೇನೆ. ಪ್ರತಿ ಸಲವೂ ಹಿಂದಿನ ಗೋಡೆ ನನ್ನ ಮಾತು ಕೇಳಿಸಿಕೊಳ್ಳುತ್ತದೆ ಅನ್ನಿಸುತ್ತದೆ. ಆ ಗೋಡೆ ನಮ್ಮಪ್ಪನದು.

ಅಪ್ಪ ಮಾರುಕಟ್ಟೆ ಯಾರ್ಡಿನಲ್ಲಿ ಹಮಾಲಿ. ಚೀಲ ಹೊತ್ತು ಹೊತ್ತು ಎಡ ಹೆಗಲು ಬಲ ಹೆಗಲಿಗಿಂತ ತಗ್ಗಿತ್ತು. ಆ ಹೆಗಲಿನ ಮೇಲೆಯೇ ರೈಲ್ವೆ ಹಳಿಯ ಆಚೆ ಎರಡು ಕೋಣೆ, ಒಂದು ಪಡಸಾಲೆ, ಹಿತ್ತಲಿಗೆ ಒಂದು ತಗಡಿನ ಬಾಗಿಲು ಎದ್ದು ನಿಂತವು. ಬೇಸಿಗೆಯಲ್ಲಿ ಬಿತ್ತನೆಗೆ ಶೇಂಗಾ ಸುಲಿದುಕೊಡುವ ಕೆಲಸ ಮನೆಗೇ ಬರುತ್ತಿತ್ತು. ಪಡಸಾಲೆಯ ತುಂಬ ಕಾಯಿಯ ರಾಶಿ. ಅವ್ವ ಒಂದು ಕಡೆ, ನನ್ನ ಅಕ್ಕ ನೀಲಮ್ಮ ಒಂದು ಕಡೆ, ನಡುವೆ ಪುಸ್ತಕ ಹಿಡಿದ ನಾನು. ಅಕ್ಕ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ಕೇಳುವ ಹಸಿವು ಹೋಗಿರಲಿಲ್ಲ. "ಗಟ್ಟಿ ಓದ್ಲೇ, ನಮಗೂ ಕೇಳ್ಲಿ" ಅನ್ನುತ್ತಿದ್ದಳು. ಸಿಪ್ಪೆ ಚಿಟಚಿಟ ಒಡೆಯುತ್ತಿತ್ತು, ನಾನು ಓದುತ್ತಿದ್ದೆ — ಚರಿತ್ರೆ, ಪೌರನೀತಿ, ಸಸ್ಯಗಳ ಬೇರು ಕಾಂಡ, ಏನಿದ್ದರೂ. ಬೇಸರವಾಗಿ ಒಂದು ಸಾಲು ಹಾರಿಸಿದರೆ ಅವಳ ಕೈ ನಿಲ್ಲುತ್ತಿತ್ತು.

"ಹಿಂದಿನ ಮಾತಿಗೂ ಮುಂದಿನ ಮಾತಿಗೂ ಕೂಡವಲ್ದು, ಮಂಜ. ನಡುವ ಏನೋ ನುಂಗಿದಿ. ಮತ್ತ ಓದು."

ಆ ಪುಸ್ತಕವನ್ನು ಅವಳು ಕಣ್ಣಿಂದ ನೋಡಿದವಳಲ್ಲ. ಆದರೂ ಹಿಡಿಯುತ್ತಿದ್ದಳು. ಈಗಲೂ ಶೇಂಗಾ ಹುರಿದ ವಾಸನೆ ಬಂದರೆ ನನಗೆ ನೆನಪಾಗುವುದು ಆ ಪಡಸಾಲೆ, ಬಾಗಿಲಿನಿಂದ ಬೀಳುತ್ತಿದ್ದ ಸಂಜೆಯ ಬಿಸಿಲು, ಗೂಡ್ಸ್ ರೈಲು ಹೋದಾಗ ನಡುಗುತ್ತಿದ್ದ ತಗಡು... ಮತ್ತು ಸಿಕ್ಕಿಬಿದ್ದ ನನ್ನನ್ನು ನೋಡಿ ನಗುತ್ತಿದ್ದ ಅವಳು.

ಅವಳನ್ನು ಕೊಟ್ಟೂರಿಗೆ ಕೊಟ್ಟರು. ನಾನು ಓದಿದೆ. ನಮ್ಮ ಮನೆಯಲ್ಲಷ್ಟೇ ಅಲ್ಲ, ನಮ್ಮ ಓಣಿಯಲ್ಲೇ ಡಿಗ್ರಿ ಪಡೆದ ಮೊದಲಿಗ ನಾನು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ನಾಚಿಕೆ ಇಲ್ಲ. ಪುಕ್ಕಟೆ ಬಂದದ್ದಲ್ಲ ಅದು. ಕರಿ ಕೋಟು ಹಾಕಿಕೊಂಡ ದಿನ ಅಕ್ಕ ಕೊಟ್ಟೂರಿನಿಂದ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ "ನನ್ನ ತಮ್ಮ ವಕೀಲ ಆಗ್ಯಾನ" ಅಂತ ಹೇಳಿಕೊಂಡು ಬಂದಿದ್ದಳಂತೆ. ಕಂಡಕ್ಟರನಿಗೂ ಹೇಳಿದ್ದಳು.

ಅಪ್ಪ ಹೋದ, ಹಿಂದೆಯೇ ಅವ್ವ ಹೋದಳು. ಉಯಿಲು ಗಿಯಿಲು ಏನೂ ಇಲ್ಲ. ಕಾನೂನಿನ ಪ್ರಕಾರ ಮನೆಯಲ್ಲಿ ಅರ್ಧ ಅಕ್ಕನದು, ಅರ್ಧ ನನ್ನದು. ನನಗೆ ಮುಂದಿನ ಭಾಗ ಒಡೆದು ಆಫೀಸು ಮಾಡುವ ಆಸೆ ಹುಟ್ಟಿತು — ರಸ್ತೆಗೆ ಕಾಣುವಂತೆ ಹೆಸರಿನ ಬೋರ್ಡು. ಮನೆಯ ಮೇಲೆ ಸಾಲ ಕೇಳಿದೆ. ಬ್ಯಾಂಕಿನ ವಕೀಲರು ಕಾಗದ ನೋಡಿ ಎರಡು ದಾರಿ ಹೇಳಿದರು. ಒಂದು, ಅಕ್ಕನೂ ಒಡತಿಯಾಗಿಯೇ ಉಳಿದು, ನನ್ನ ಜೊತೆ ಬ್ಯಾಂಕಿಗೆ ಸಹಿ ಹಾಕುವುದು. ಇನ್ನೊಂದು, ಅವಳು ತನ್ನ ಹಕ್ಕನ್ನೇ ಬಿಟ್ಟುಕೊಟ್ಟು ಬಿಡುಗಡೆ ಪತ್ರ ನೋಂದಣಿ ಮಾಡಿಸಿಕೊಡುವುದು. ಎರಡೂ ನಡೆಯುತ್ತವೆ, ನೀವೂ ವಕೀಲರು, ನಿಮಗೇ ಗೊತ್ತಲ್ಲ, ಅಂದರು.

ಗೊತ್ತಿತ್ತು. ಗೊತ್ತಿದ್ದೇ ಎರಡನೆಯದನ್ನು ಆರಿಸಿದೆ.

ಕೇಳಿದ್ದರೆ ಅವಳು ಕೊಡುತ್ತಿದ್ದಳು. ಖಂಡಿತ ಕೊಡುತ್ತಿದ್ದಳು. ಆದರೆ ಕೇಳಿದರೆ ಅದು ಅವಳದು ಅಂತ ಒಪ್ಪಿಕೊಂಡ ಹಾಗೆ. ಬೋರ್ಡು ತೂಗುಹಾಕುವ ಗೋಡೆಯಲ್ಲಿ ಅರ್ಧ ಇನ್ನೊಬ್ಬರು ಕೊಟ್ಟದ್ದು ಅಂತ ಆಗುತ್ತಿತ್ತು. ನಾನೇ ಮೇಲೆ ಬಂದವನು, ಯಾರ ಋಣವೂ ಇಲ್ಲದೆ ಬಂದವನು ಅಂತ ನನಗೆ ನಾನೇ ಹೇಳಿಕೊಂಡಿದ್ದ ಕಥೆ ಇತ್ತಲ್ಲ — ಅದು ಕೆಡುತ್ತಿತ್ತು.

ನೋಂದಣಿಯ ದಿನ ಅಕ್ಕ ಬೆಳಗಿನ ಬಸ್ಸಿಗೇ ಬಂದಳು. ಎಂದಿನಂತೆ ಹಿತ್ತಲ ತಗಡಿನ ಬಾಗಿಲು ತಳ್ಳಿಕೊಂಡು, ಒಂದು ಮಾತೂ ಕೇಳದೆ ಸೀದಾ ಅಡುಗೆಮನೆಗೆ. ನಾನು ಹೆಂಡತಿಗೆ ಹೇಳಿ ಉಡಿ ತುಂಬಿಸಿದೆ — ಅಕ್ಕಿ, ಕೊಬ್ಬರಿಬಟ್ಟಲು, ಅಡಿಕೆ-ಎಲೆ, ಇಳಕಲ್ ಸೀರೆ. ತವರಿನವರು ಮಗಳ ಮಡಿಲು ತುಂಬುವುದು ನಮ್ಮಲ್ಲಿ ಎಂಥ ದೊಡ್ಡ ಮಾತು ಅಂತ ಹೇಳಬೇಕಿಲ್ಲ. ಅವಳಿಗೆ ಕಣ್ಣು ತುಂಬಿ ಬಂತು. "ಅವ್ವ ಹೋದಮ್ಯಾಲ ಯಾರು ತುಂಬ್ತಾರ ಅಂತಿದ್ದೆ" ಅಂದಳು. ಅದು ಉಡಿಯಲ್ಲ, ಬೆಲೆ ಅಂತ ಅಲ್ಲಿ ತಿಳಿದಿದ್ದವನು ನಾನೊಬ್ಬನೇ.

ನಮ್ಮ ಕಡೆಯ ಪತ್ರಗಳ ಕೊನೆಗೆ ಒಂದು ಮಾತು ಇದ್ದೇ ಇರುತ್ತದೆ: 'ಸದರಿ ಪತ್ರವನ್ನು ಓದಿಸಿ ಕೇಳಿ, ತಿಳಿದುಕೊಂಡು, ಸ್ವಸಂತೋಷದಿಂದ ಬರೆದುಕೊಟ್ಟಿರುತ್ತೇನೆ.' ರೂಢಿಯ ಮಾತು. ಯಾರೂ ಓದುವುದಿಲ್ಲ, ಯಾರೂ ಕೇಳುವುದಿಲ್ಲ. ಪತ್ರ ಬರೆಯುವವರ ಕೈಯಿಂದ ತಾನಾಗಿ ಉದುರುತ್ತದೆ. ಅಕ್ಕನ ಪತ್ರಕ್ಕೂ ಆ ಸಾಲನ್ನು ನಾನೇ ಬರೆದೆ. ಕಚೇರಿಯಲ್ಲಿ ಅಧಿಕಾರಿ ತಲೆ ಎತ್ತದೆ, ಒಪ್ಪಿಗೆ ಇದೆಯೇನಮ್ಮ ಅಂದರು. ಅವಳು ನನ್ನ ಮುಖ ನೋಡಿದಳು.

"ಏನೈತಿ ಇದರಾಗ?" ಅಂದಳು.

"ಬ್ಯಾಂಕಿಂದಕ್ಕಾ. ಸುಮ್ನ ಒಂದು ಸಹಿ."

ಬಾಲ್ಯವಿಡೀ ಅವಳಿಗೆ ಓದಿ ಹೇಳಿದವನು ನಾನು. ಓದಿ ಹೇಳಲೇಬೇಕಿದ್ದ ಒಂದೇ ಒಂದನ್ನು ಓದಲಿಲ್ಲ. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು — ಎಷ್ಟು ಜೋಪಾನವಾಗಿ ಬರೆದಳೆಂದರೆ...

ವರ್ಷಗಳು ಹೋದವು. ಆಫೀಸು ಎದ್ದಿತು, ಬೋರ್ಡು ಬಂತು. ನಡುವೆ ಬಡ್ಡಿ ಕಡಿಮೆ ಅಂತ ಸಾಲವನ್ನು ಬೇರೆ ಬ್ಯಾಂಕಿಗೆ ಬದಲಿಸಿದೆ. ಹೊಸ ವಕೀಲರು ಎಲ್ಲ ತಿರುವಿಹಾಕಿ, ನಿಮ್ಮ ಕಾಗದ ಎಷ್ಟು ಸ್ವಚ್ಛ ಅದಾವ್ರಿ ಅಂದರು. ಪ್ರತಿ ನಾಗರ ಪಂಚಮಿಗೂ ಅಕ್ಕ ತವರಿಗೆ ಬರುತ್ತಿದ್ದಳು, ಹಿತ್ತಲ ಬಾಗಿಲಿನಿಂದ. ಮುಂದಿನ ಆಫೀಸಿನ ಕಡೆ ಕೈ ತೋರಿಸಿ, "ಆ ಕಡೆ ವಕೀಲರ ಮನಿ, ಈ ಕಡೆ ನಮ್ಮನಿ" ಅಂತ ನಗುತ್ತಿದ್ದಳು.

ಹೋದ ವರ್ಷ ಅವಳು ಮುಂದಿನ ಬಾಗಿಲಿನಿಂದಲೇ ಆಫೀಸಿಗೆ ಬಂದಳು, ಜೊತೆಗೆ ಅವಳ ನಾದಿನಿ. ನಮ್ಮ ಭಾವ ಕೊಟ್ಟೂರಿನ ಮನೆಯ ಮೇಲೆ ಸಾಲ ಎತ್ತುವವರಿದ್ದರು. ಅದಕ್ಕೆ ತಂಗಿಯಿಂದ ಬಿಡುಗಡೆ ಪತ್ರ ಬೇಕಿತ್ತು. ಅಕ್ಕನೇ ಹೇಳಿದಳು: "ಸಹಿ ಹಾಕು ಅಂತ ನಮ್ಮನಿಯವರು ಅಂದಾರ. ಹಾಕೋಕಿ ತಿಳ್ಕೊಂಡು ಹಾಕ್ಲಿ. ನನ್ನ ತಮ್ಮ ಸುಳ್ಳು ಹೇಳಂಗಿಲ್ಲ ಅಂತ ಕರ್ಕೊಂಡು ಬಂದೀನಿ."

ಆ ಸಹಿ ಬಿದ್ದರೆ ಲಾಭ ಅವಳ ಮನೆಗೇ. ಆದರೂ ಕರೆದುಕೊಂಡು ಬಂದಿದ್ದಳು.

ಪತ್ರ ಕೈಗೆ ತೆಗೆದುಕೊಂಡೆ. ಓದಿದೆ. ಓದದೆ ಬೇರೆ ದಾರಿ ಇರಲಿಲ್ಲ. ಅವೇ ಮಾತು, ಅದೇ ಕ್ರಮ. "ಇದಕ್ಕ ಸಹಿ ಹಾಕಿದ್ರ ಆ ಮನ್ಯಾಗ ನಿಂದೇನೂ ಉಳಿಯಂಗಿಲ್ಲ, ತಂಗೀ" ಅಂತ ನಾದಿನಿಗೆ ಹೇಳಿದೆ. ಅವಳು, ಹಂಗಾದ್ರ ವಿಚಾರ ಮಾಡ್ತೀನಿ ಅಂದಳು. ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದವಳು ಸುತ್ತುವುದನ್ನು ನಿಲ್ಲಿಸಿದಳು. ಶೇಂಗಾ ಸುಲಿಯುವ ಕೈ ಹೀಗೆಯೇ ನಿಲ್ಲುತ್ತಿತ್ತು.

"ಇದನ್ನ ಮೊದ್ಲ ಓದಿ ಹೇಳ್ಬೇಕೇನು, ಮಂಜ?"

"ಹೇಳ್ಬೇಕಕ್ಕಾ."

ಅವಳು ನಾದಿನಿಗೆ, "ಏಳವ್ವಾ, ಬಸ್ಸಿಗೆ ಹೊತ್ತಾತು" ಅಂದಳು.

ಆಮೇಲಿನ ಪಂಚಮಿಗೆ ಬಂದಳು. ಬರದೆ ಇರಲಿಲ್ಲ. ಆದರೆ ಹಿತ್ತಲ ಬಾಗಿಲು ಸದ್ದಾಗಲಿಲ್ಲ. ಮುಂಬಾಗಿಲಲ್ಲಿ, ಬೋರ್ಡಿನ ಕೆಳಗೆ, ಚೀಲ ಹಿಡಿದು ನಿಂತಿದ್ದಳು. "ಒಳಗ ಬರ್ಲೇನು?" ಅಂದಳು. ಕೊಂಕಿಲ್ಲ, ಸಿಟ್ಟಿಲ್ಲ. ಬೇರೆಯವರ ಮನೆಗೆ ಹೋದವರು ಕೇಳುವ ಹಾಗೆ ಕೇಳಿದಳು.

ಅರ್ಧ ಮನೆಯನ್ನು ಅವಳಿಗೆ ದಾನಪತ್ರ ಮಾಡಿಕೊಡಲು ಕರಡು ಬರೆದೆ. ಸಾಲ ತೀರುತ್ತಿದ್ದಂತೆ ನೋಂದಣಿ ಮಾಡಿಸೋಣ ಅಂತ ಕೊಟ್ಟೂರಿಗೆ ಒಯ್ದೆ. ಅವಳು ಮುಟ್ಟಲಿಲ್ಲ.

"ಹೊಸಾದು ಆಮ್ಯಾಲ. ಮೊದ್ಲ ಆ ಹಳೇದು ಓದು."

ಅದು ಬ್ಯಾಂಕಿನಲ್ಲಿದೆ, ಅಂದೆ. ಅಸಲು ಬ್ಯಾಂಕಿನಲ್ಲಿತ್ತು, ನಿಜ. ಆದರೆ ನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ನಕಲು ಸಿಗುತ್ತದೆ ಅಂತ ವಾರಕ್ಕೊಬ್ಬರಿಗೆ ಹೇಳುವವನು ನಾನು. ಅವಳಿಗೆ ಎರಡನೆಯ ಸಲವೂ ಬ್ಯಾಂಕಿನ ಹೆಸರನ್ನೇ ಹೇಳಿದೆ. ಅವಳು ಹೂಂ ಅಂದಳು. ಚಾ ಮಾಡಿಕೊಟ್ಟಳು.

ನಕಲು ತಂದಿಟ್ಟುಕೊಂಡು ಈಗ ಬಹಳ ದಿನವಾಯಿತು. ನಾಳೆ ಕೊಟ್ಟೂರಿನ ಬಸ್ಸು ಹತ್ತುತ್ತೇನೆ. ಕ್ಷಮಿಸು ಅನ್ನುವುದಿಲ್ಲ. ಅದನ್ನು ಕೇಳುವ ಹಕ್ಕನ್ನೂ ನಾನು ಅಂದೇ ಬಿಟ್ಟುಕೊಟ್ಟೆ. ಅವಳ ಎದುರು ಕೂತು, ಗಟ್ಟಿಯಾಗಿ, ಮೊದಲಿನಿಂದ ಓದುತ್ತೇನೆ. 'ಓದಿಸಿ ಕೇಳಿ, ತಿಳಿದುಕೊಂಡು, ಸ್ವಸಂತೋಷದಿಂದ' — ಅಲ್ಲಿಗೆ ಬಂದಾಗ ನನ್ನ ದನಿ ಏನಾಗುತ್ತದೋ ತಿಳಿಯದು. ಆದರೆ ಆ ಸಾಲನ್ನು ಹಾರಿಸುವುದಿಲ್ಲ. ಹಾರಿಸಿದರೆ ಅವಳಿಗೆ ಗೊತ್ತಾಗುತ್ತದೆ.