ತೆರೆದ ಮೂಲೆಯ ಕೌದಿ

ಕ್ಷಮೆ ದೊಡ್ಡ ಗುಣವೆಂದು ಕಾಲೇಜಿನ ಚರ್ಚಾಕೂಟಗಳಲ್ಲಿ ವಾದಿಸಿ ನಾನು ಬಹುಮಾನ ಪಡೆದಿದ್ದೇನೆ. ಆದರೆ ಬಿಕ್ಕೋಡಿನ ಕಡೆಯ ಕಾಫಿ ತೋಟದ ಆ ಯಜಮಾನಿಯನ್ನು ಇಂದಿಗೂ ಕ್ಷಮಿಸಿಲ್ಲ. ಕ್ಷಮಿಸುವ ಉದ್ದೇಶದಿಂದ ಇದನ್ನು ಬರೆಯುತ್ತಲೂ ಇಲ್ಲ.

ನನ್ನ ದೊಡ್ಡಮ್ಮ ಬಸ್ತಿಹಳ್ಳಿಯಲ್ಲಿ ಕೌದಿ ಹೊಲಿಯುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಮನೆಮನೆಗೂ ನೈಲಾನ್ ಸೀರೆ ಬಂದು, ಉಟ್ಟು ಮೆತ್ತಗಾದ ಹತ್ತಿ ಸೀರೆ ಸಿಗುವುದೇ ಅಪರೂಪವಾಗಿತ್ತು. ಅವರ ಅಜ್ಜಿ ಹೊಲಿದ ಕೌದಿಗಳಲ್ಲಿ ಬರೀ ಚೌಕಗಳಿದ್ದವು. ದೊಡ್ಡಮ್ಮ ಮಾತ್ರ ಹಳೇಬೀಡಿನ ಗುಡಿ ನಿಂತಿರುವ ಕಲ್ಲುಕಟ್ಟೆಯನ್ನು, ಅದರ ಜಗತಿಯನ್ನು, ಮತ್ತೆ ಮತ್ತೆ ಸುತ್ತಿ ಬಂದು, ಒಳಕ್ಕೂ ಹೊರಕ್ಕೂ ಮಡಿಚಿಕೊಳ್ಳುವ ಅದರ ಅಂಚನ್ನು ಬಟ್ಟೆಯಲ್ಲಿ ಕತ್ತರಿಸಿದರು. ನಡುವೆ ದಾಸವಾಳದ ಕೆಂಪಿನ ನಕ್ಷತ್ರ, ಅದರ ಸುತ್ತ ಅದೇ ಆಕಾರದ ನೀಲಿ, ಹಳದಿ, ಮತ್ತೆ ನೀಲಿ. ಒಂದು ಬೇಸಿಗೆಯೆಲ್ಲ ಹೊಲಿದ ಆ ಕೌದಿಯನ್ನು ಯಜಮಾನಿ ಹೊದೆಯಲೆಂದು ಕೇಳಿ ಒಯ್ದರು.

ಬೇರೆ ಮನೆಗೆ ಹೊಲಿದ ಕೌದಿಯ ನಾಲ್ಕನೆಯ ಮೂಲೆಯನ್ನು ನಮ್ಮವರು ಮುಚ್ಚುವುದಿಲ್ಲ. ಗೇಣಗಲ ತೆರೆದಿಟ್ಟು ಕೊಡುತ್ತಾರೆ. ಹೊದೆಯುವ ಮನೆಯ ಹೆಂಗಸು ಅದನ್ನು ತಾನೇ ಹೊಲಿದುಕೊಳ್ಳಬೇಕು. ಯಜಮಾನಿಗೆ ಈ ರೂಢಿ ಗೊತ್ತಿರಲಿಲ್ಲ.

ಮುಂದಿನ ವರ್ಷ ಅರಸೀಕೆರೆಯ ಕರಕುಶಲ ಪ್ರದರ್ಶನದಲ್ಲಿ ಆ ಕೌದಿ ಗೋಡೆಯ ಮೇಲಿತ್ತು. ಕೆಳಗಿನ ಚೀಟಿಯಲ್ಲಿ ಯಜಮಾನಿಯ ಹೆಸರು, ‘ಸ್ವಹಸ್ತದಿಂದ ರಚಿಸಿದ್ದು’ ಎಂಬ ಒಕ್ಕಣೆ, ಪಕ್ಕದಲ್ಲಿ ಪ್ರಥಮ ಬಹುಮಾನದ ರಿಬ್ಬನ್ನು. ತೆರೆದ ಮೂಲೆಯನ್ನು ತೀರ್ಪುಗಾರರು ಒಳಪದರ ತೋರಿಸುವ ಆಧುನಿಕ ಪ್ರಯೋಗವೆಂದು ಮೆಚ್ಚಿದ್ದರು.

ನಾನು ಊರಿಗೆ ಬಂದು ಇದನ್ನು ಹೇಳಿದಾಗ ದೊಡ್ಡಮ್ಮ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

“ಹೊದ್ಕೊಳಕ್ಕೆ ಅಂತ ಕೊಟ್ಟಿದ್ದು ಕಣೇ, ಹೆಸ್ರು ಹಾಕ್ಕೊಳಕ್ಕಲ್ಲ. ಒಂದ್ಸಲ, ಒಂದೇ ಸಲ, ಅಲ್ಲಿ ನನ್ನೆಸ್ರು ಬರ್ದಿರದ್ನ ನೋಡ್ಬೇಕು.”

ಬಹುಮಾನ ವಿತರಣೆಯ ದಿನ ದೊಡ್ಡಮ್ಮನನ್ನೂ ಕೌದಿ ಹೊಲಿಯುವ ಹಗರೆಯ ಹೆಂಗಸೊಬ್ಬಳನ್ನೂ ಬಸ್ಸಿನಲ್ಲಿ ಕರೆದೊಯ್ದೆ. ನ್ಯಾಯ ಕೇಳಲು ಹೊರಟಿದ್ದೇನೆಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜವಾಗಿ ನನಗೆ ಬೇಕಿದ್ದದ್ದು ತುಂಬಿದ ಸಭೆಯಲ್ಲಿ ಆ ಮುಖ ಕೆಂಪಾಗುವುದು. ಸಭೆಯ ನಡುವೆ ಎದ್ದು ನಿಂತು, ತೆರೆದ ಮೂಲೆಯ ಅರ್ಥವನ್ನು ತೀರ್ಪುಗಾರರಿಗೆ ಬಿಡಿಸಿ ಹೇಳಿದೆ. ಯಜಮಾನಿ ನಕ್ಕರು.

“ಓದಿದ ಹುಡ್ಗಿ, ಬಾಯಿ ಚೆನ್ನಾಗೈತೆ. ಸಾಕ್ಷಿ ಎಲ್ಲಮ್ಮಾ?”

“ನೀವೇ ಹೊಲಿದದ್ದಾದರೆ ಈ ಮೂಲೆಯನ್ನು ಈಗ, ಇಲ್ಲೇ, ಹೊಲಿದು ತೋರಿಸಿ” ಎಂದು ಸೂಜಿ ದಾರವನ್ನು ಅವರ ಮುಂದೆ ಹಿಡಿದೆ.

ದೊಡ್ಡಮ್ಮ ನನ್ನ ಸೆರಗು ಜಗ್ಗಿದರು. ನಾನು ತಿರುಗಿ ನೋಡಲಿಲ್ಲ.

ಯಜಮಾನಿ ಸೂಜಿಯ ಕಣ್ಣಿಗೆ ದಾರ ಪೋಣಿಸಲು ಹೋಗಿ ಮೂರು ಬಾರಿ ಸೋತರು. ಹಗರೆಯವಳು ಗಟ್ಟಿಯಾಗಿಯೇ ಕೇಳಿದಳು: “ನಾನ್ ಪೋಣಿಸ್ಕೊಡ್ಲಾ ಅಮ್ಮಾವ್ರೇ? ಅಷ್ಟು ದೊಡ್ ನಕ್ಷತ್ರ ಹೊಲ್ದು ಕಣ್ಣು ದಣ್ದೈತೆ ಪಾಪ!”

ಸಭೆ ಬಿದ್ದು ಬಿದ್ದು ನಕ್ಕಿತು. ಯಜಮಾನಿ ಬೆರಳು ಚುಚ್ಚಿಕೊಂಡು, ಸೊಟ್ಟಸೊಟ್ಟಗೆ, ಹಟಕ್ಕೆ ಬಿದ್ದು ಮೂಲೆಯನ್ನು ಕೊನೆಯವರೆಗೂ ಹೊಲಿದರು. ಆ ಹೊಲಿಗೆಗೂ ಉಳಿದ ಹೊಲಿಗೆಗೂ ಇದ್ದ ವ್ಯತ್ಯಾಸ ಹಿಂದಿನ ಸಾಲಿನವರಿಗೂ ಕಾಣುತ್ತಿತ್ತು. ಹಿರಿಯ ತೀರ್ಪುಗಾರರು ಚೀಟಿಯನ್ನು ಕಿತ್ತು, ಪೆನ್ನು ತೆರೆದು, ದೊಡ್ಡಮ್ಮನನ್ನು ಕೇಳಿದರು: “ನಿಮ್ಮ ಹೆಸರೇನಮ್ಮ?”

“ಬರೀಬ್ಯಾಡಿ ಸ್ವಾಮಿ” ಎಂದರು ದೊಡ್ಡಮ್ಮ. “ಮೂಲೆ ಅವರೇ ಮುಚ್ಚವ್ರೆ.”

ಬಸ್ಸಿನಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದರು: “ಮೂಲೆ ಮುಚ್ಚೋಗಂಟ ಹೊಲ್ದೋಳ್ದು. ಮುಚ್ಚಿದ್ಮ್ಯಾಕೆ ಹೊದ್ಕೊಳೋಳ್ದು. ಆಮ್ಯಾಕೆ ನಾವು ನಮ್ದು ಅನ್ನಂಗಿಲ್ಲ. ನೀನೇ ಕೈಗೆ ಸೂಜಿ ಕೊಟ್ಟಲ್ಲೇ.”

ರೂಢಿಯ ಆ ಇನ್ನರ್ಧವನ್ನು ನಾನು ಎಂದೂ ಕೇಳಿ ತಿಳಿದಿರಲಿಲ್ಲ. ನನ್ನ ತಪ್ಪು ನನಗೆ ಅರ್ಥವಾಯಿತು. ಅದರಿಂದ ಯಜಮಾನಿಯ ಮೇಲಿನ ಸಿಟ್ಟು ಇಳಿಯಲಿಲ್ಲ. ನನ್ನ ಮೇಲಿನ ಸಿಟ್ಟೂ ಅದಕ್ಕೇ ಸೇರಿ ದುಪ್ಪಟ್ಟಾಯಿತು. ಬಸ್ತಿಹಳ್ಳಿಯಿಂದ ಹಗರೆಯವರೆಗೆ, ಕೌದಿ ಹೊಲಿಯುವ ಪ್ರತಿ ಮನೆಯ ಜಗುಲಿಯ ಮೇಲೂ ಕುಳಿತು ಮಾತಾಡಿದೆ. ದುಡಿಮೆಯ ಗೌರವದ ಬಗ್ಗೆ ನಾನು ಅಷ್ಟು ಚೆನ್ನಾಗಿ ಬೇರೆಲ್ಲೂ ಮಾತಾಡಿದ್ದಿಲ್ಲ. ಆ ತೋಟದ ಮನೆಗೆ ಯಾರೂ ಸೂಜಿ ಎತ್ತಬಾರದೆಂದು ಒಪ್ಪಿಸಿದೆ. ಯಾರೂ ಎತ್ತಲಿಲ್ಲ.

ಎರಡು ವರ್ಷದ ಮೇಲೆ, ಒಂದು ಮಧ್ಯಾಹ್ನ, ತೋಟದ ಜೀಪು ನಮ್ಮ ಬೀದಿಗೆ ಬಂತು. ಯಜಮಾನಿಯ ಮಗಳು ಬಾಣಂತಿಯಂತೆ. ಮಗುವಿಗೊಂದು ಕೌದಿ ಬೇಕೆಂದು ಹಳೆಯ ಹತ್ತಿ ಸೀರೆಗಳ ಗಂಟು ಕಳಿಸಿದ್ದರು. ಡ್ರೈವರು ಅಂಗಲಾಚಿದ: “ಅಮ್ಮಾವ್ರು ಕೈ ಮುಗ್ದು ಕೇಳವ್ರೆ ಕಣ್ರೀ. ದೊಡ್ಡಮ್ಮೋರ ಕೈಯಿಂದ್ಲೇ ಆಗ್ಬೇಕಂತೆ.”

ಗಂಟಿನಲ್ಲಿದ್ದವು ಒಳ್ಳೆಯ ಸೀರೆಗಳು, ತೊಳೆದು ತೊಳೆದು ಬೆಣ್ಣೆಯಂತಾದವು. ದೊಡ್ಡಮ್ಮ ಹಿತ್ತಲಲ್ಲಿದ್ದರು. ಎಳೆಗೂಸಿನ ಮಾತು ಕೇಳಿದರೆ ಅವರು ಆ ಕ್ಷಣವೇ ಕತ್ತರಿ ಹುಡುಕುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗಂಟನ್ನು ಜೀಪಿನೊಳಕ್ಕೆ ನಾನೇ ಎತ್ತಿ ಹಾಕಿದೆ.

“ಇಲ್ಲಿ ಈಗ ಯಾರೂ ಹೊಲಿಯಲ್ಲ ಅಂತ ಹೇಳು. ನಾನು ಹೇಳಿದೆ ಅಂತಲೇ ಹೇಳು.”

ಜೀಪು ತಿರುಗಿತು. ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, “ಯಾರೇ ಬಂದಿದ್ದು?” ಎಂದರು.

“ಯಾರೋ, ಗುಡಿಗೆ ದಾರಿ ಕೇಳಿದ್ರು” ಎಂದೆ. ನನ್ನ ದನಿ ಒಂದಿಷ್ಟೂ ನಡುಗಲಿಲ್ಲ.