ಜಗಲಿಯಲ್ಲಿ ಕೂತ ಮಗಳು

ಮಕ್ಕಳೇ, ನಿಮ್ಮ ದೊಡ್ಡತ್ತೆ, ಅಂದರೆ ನನ್ನ ಹಿರಿಮಗಳು, ಹೊಟ್ಟೆನೋವಿನಿಂದ ತೀರಿಕೊಂಡಳು ಎಂದು ನೀವು ಕೇಳಿದ್ದೀರಿ. ನಿಮ್ಮ ಅಪ್ಪನೂ ಹಾಗೆಯೇ ತಿಳಿದಿದ್ದ. ನಾವು ಹೆಂಗಸರು ಮನೆಯ ಗಂಡಸರಿಗೆ ಹೇಳಿದ್ದು ಅಷ್ಟೇ.

ಅವಳನ್ನು ಪಂಜದ ಕಡೆ ಕೊಟ್ಟಿದ್ದೆವು. ದೈವಕ್ಕೆ ದೀಪ ಇಟ್ಟು ಪೂಜಿಸುವ ಚಾವಡಿ ಇರುವ ಮನೆ. ಮುಟ್ಟಾದವರು ಹಿಂದಿನ ಜಗಲಿಯಲ್ಲಿ ಕೂರಬೇಕು. ನಲವತ್ತು ದಾಟಿದ ಮೇಲೆ ಅವಳಿಗೆ ಹೊತ್ತುಗೊತ್ತಿಲ್ಲದೆ ರಕ್ತ ಹೋಗತೊಡಗಿತು. ಕಂಡಾಗಲೆಲ್ಲ ಚಾಪೆ, ತಟ್ಟೆ ಹಿಡಿದು ಹೊರಗೆ ಹೋಗುತ್ತಿದ್ದಳು.

"ಮುಟ್ಟು ನಿಲ್ಲುವ ಪ್ರಾಯ, ಹಾಗೆಯೇ ಆಗುದು" ಎಂದರು ಅವಳ ಅತ್ತೆ. ನನಗೂ ಸರಿಯೆಂದೇ ಕಂಡಿತು.

ನೋಡಲು ಹೋದಾಗ ಅವಳು ನಗುತ್ತಿದ್ದಳು. "ಅಡಿಗೆ ಮಾಡ್ಲಿಕ್ಕಿಲ್ಲ, ಪಾತ್ರೆ ತೊಳಿಲಿಕ್ಕಿಲ್ಲ. ನಾನೀಗ ದೊಡ್ಡ ಸಾಹುಕಾರ್ತಿ, ಅಮ್ಮ!"

ಎಲ್ಲರೂ ಅವಳು ಶುದ್ಧವಾಗುವುದನ್ನು ಕಾದರು. ಆಸ್ಪತ್ರೆಯ ವಿಷಯ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಅವಳಿಗೆ ನಡೆಯಲು ಆಗುತ್ತಿರಲಿಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರ್, ತುಂಬ ತಡವಾಗಿದೆ ಎಂದರು ಡಾಕ್ಟರಮ್ಮ.

ಮೊನ್ನೆ ನಿಮ್ಮಲ್ಲಿ ದೊಡ್ಡವಳ ಶಾಲೆಯಿಂದ ಹೇಳಿಕಳಿಸಿದರು: ಹದಿನಾಲ್ಕು ವರ್ಷದ ಹುಡುಗಿಯರಿಗೆ ಅದೇ ಕ್ಯಾನ್ಸರ್ ಬಾರದ ಹಾಗೆ ಲಸಿಕೆ ಕೊಡುತ್ತಾರೆ, ಮನೆಯವರು ಒಪ್ಪಬೇಕು. ನಿಮ್ಮ ಅಪ್ಪ ಒಪ್ಪಲಿಲ್ಲ.

"ಅದು ಕೊಟ್ರೆ ಮುಂದೆ ಮಕ್ಕಳಾಗುದಿಲ್ಲಂತೆ. ವಾಟ್ಸಾಪಿನಲ್ಲಿ ಬಂದದ್ದುಂಟು."

"ವಾಟ್ಸಾಪಿನಲ್ಲಿ ನಿಮ್ಮ ಮೂಲವ್ಯಾಧಿಗೂ ಮದ್ದು ಬಂದಿತ್ತಲ್ಲ?" ಎಂದಳು ನಿಮ್ಮ ಅಮ್ಮ. "ಕಡೆಗೆ ಓಡಿದ್ದು ಎಲ್ಲಿಗೆ?"

ಅವನಿಗೆ ಸಿಟ್ಟು ಬಂತು. "ಬೇಡ ಅಂದ್ರೆ ಬೇಡ."

ಇಂಥ ಮಾತನ್ನು ನಾನು ಮಗನೆದುರು ಎಂದೂ ಆಡಿದವಳಲ್ಲ. ಸುಲಿಯುತ್ತಿದ್ದ ಹಲಸಿನ ಬೀಜದಿಂದ ಕಣ್ಣೆತ್ತದೆ ಹೇಳಿದೆ: "ಮಗಾ, ಅಕ್ಕನಿಗೆ ಇದ್ದದ್ದು ಹೊಟ್ಟೆನೋವಲ್ಲ. ಇದೇ." ಜಗಲಿಯ ಸಂಗತಿಯನ್ನೂ ಹೇಳಿದೆ.

"ನನಗೆ ಯಾಕೆ ಹೇಳ್ಲಿಲ್ಲ?"

"ಗಂಡುಮಕ್ಕಳ ಹತ್ರ ಹೇಳುವ ವಿಷಯವಾ ಅದು?"

ಅವನು ಎದ್ದು ಅಂಗಳಕ್ಕೆ ಹೋದ. ಲಸಿಕೆಯ ದಿನ ಬೆಳಿಗ್ಗೆ ತಾನಾಗಿ ಕಾರು ತೆಗೆದ. ನನ್ನನ್ನೂ ಕರೆದ.

ಆರೋಗ್ಯ ಕೇಂದ್ರದಲ್ಲಿ ಇನ್ನೊಬ್ಬರು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಮೊದಲು ಬೇರೆಯವರ ಮಕ್ಕಳಿಗೆ ಎಂತ ಆಗ್ತದೆ ನೋಡುವ" ಎನ್ನುತ್ತಿದ್ದರು.

"ನನ್ನ ಅಕ್ಕ ಇದರಲ್ಲೇ ಹೋದದ್ದು ಮಾರಾಯ್ರೆ" ಎಂದ ನಿಮ್ಮ ಅಪ್ಪ. "ಗರ್ಭಕೋಶದ ಬಾಯಿಯ ಕ್ಯಾನ್ಸರ್."

ಅಷ್ಟು ಜನರ ನಡುವೆ ಗಟ್ಟಿಯಾಗಿಯೇ ಹೇಳಿದ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಅವರೂ ಮಗಳನ್ನು ಒಳಗೆ ಕಳಿಸಿದರು.

ಮರಳಿ ಬರುವಾಗ ನಮ್ಮ ಹುಡುಗಿ ಹಿಂದಿನ ಸೀಟಿನಲ್ಲಿ ತೋಳು ಹಿಡಿದುಕೊಂಡೇ ನಿದ್ದೆ ಹೋದಳು. ನಿಮ್ಮ ಅಪ್ಪ ದಾರಿ ಬದಿಯಲ್ಲಿ ಕಾರು ನಿಲ್ಲಿಸಿದ.

"ಅಕ್ಕನಿಗೆ ತುಂಬ ನೋವಿತ್ತಾ ಅಮ್ಮ?"

ಇತ್ತು ಎಂದೆ.