ವಿಭೂತಿ ಗೂಡಿಗೆ ನೀರು ಹೊಯ್ದ ದಿನ

2003ನೇ ಇಸವಿ, ಶಿವರಾತ್ರಿಗೆ ಇನ್ನೊಂದು ತಿಂಗಳಿತ್ತು. ಬಾಗಲಕೋಟೆಯ ದವಾಖಾನೆಯ ಮಂಚದ ಮೇಲೆ, ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡು, ಸಂಗಮನಾಥನನ್ನು ಬೈಯುತ್ತ ಕೂತಿದ್ದೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಭಕ್ತರು ಕ್ಷಮಿಸಬೇಕು, ಬೈದದ್ದು ನಿಜ.

ಕೂಡಲಸಂಗಮದ ಹತ್ತಿರದ ಊರಿನಲ್ಲಿ ನಮ್ಮದು ವಿಭೂತಿ ಮಾಡುವ ಮನೆತನ. ಮದುವೆಯಾಗಿ ಬಂದಾಗಿನಿಂದ ಇಪ್ಪತ್ತೆಂಟು ವರ್ಷ ಸಗಣಿ ಉಂಡೆ ಒಣಗಿಸಿ, ಹಿತ್ತಲ ಗೂಡಿನಲ್ಲಿ ಸುಟ್ಟು, ಬೂದಿ ಜರಡಿ ಹಿಡಿದು ಗಟ್ಟಿ ಕಟ್ಟಿದವಳು ನಾನು. ಹೊಗೆ ಕಣ್ಣಿಗೆ ಹತ್ತಿದರೆ ನಮ್ಮತ್ತೆ, "ಶಿವನ ಹೊಗಿ ಐತಿ, ಒಳಗ ಹೋದಷ್ಟು ಪುಣ್ಯ" ಅನ್ನುತ್ತಿದ್ದರು. ನಾನೂ ನಂಬಿದೆ. ಕೆಮ್ಮು ಬಂದರೆ ಎದೆಗೆ ವಿಭೂತಿ ಬಳಿದುಕೊಂಡು ಮತ್ತೆ ಗೂಡಿನ ಮುಂದೆಯೇ ಕೂರುತ್ತಿದ್ದೆ. ಕಡೆಕಡೆಗೆ ಬಾವಿಯಿಂದ ಒಂದು ಕೊಡ ತರಲು ಮೂರು ಕಡೆ ಕೂರುವಂತಾಯಿತು.

ಡಾಕ್ಟರರು ಕಫ ಪರೀಕ್ಷೆ ಮಾಡಿಸಿ, ಕ್ಷಯವಲ್ಲ ಅಂದರು. "ಬೀಡಿ ಸೇದ್ತೀರೇನ್ರಿ ಅಮ್ಮಾ?"

"ಬೀಡಿನಾ? ಕೊರಳಾಗ ಲಿಂಗ ಐತಿ, ಕಾಣೂದಿಲ್ಲೇನ್ರಿ ನಿಮಗ?"

"ಹಂಗಾದ್ರ ಕೆಲಸ ಏನು? ಹೊಗಿ, ಧೂಳು ಏನರ?"

"ಏನೂ ಇಲ್ರಿ. ಮನ್ಯಾಗ ಇರ್ತೇನಿ."

ಹಸಿ ಸುಳ್ಳು. ಪಕ್ಕದಲ್ಲಿದ್ದ ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಅವರ ಕೈ ಚಿವುಟಿದೆ. ಹಣೆಗೆ ಧರಿಸುವ ವಿಭೂತಿಯಿಂದ ಬೇನೆ ಬಂತೆಂದು ನಾನೇ ಹೇಳಲೇ? ಹಾಗೆಂದ ನಾಲಿಗೆಯಲ್ಲಿ ಹುಳ ಬಿದ್ದಾವು! ಜೀವ ಹೋದರೂ ಶಿವನ ಹೆಸರು ಕೆಡಬಾರದೆಂದು ಹಟ ಹಿಡಿದೆ. ನಾಲ್ಕು ದಿನಕ್ಕೆ ಡಾಕ್ಟರರು ಗುಳಿಗೆ ಬರೆದು ಮನೆಗೆ ಕಳಿಸಿದರು.

ಬಸ್ಸಿನಲ್ಲಿ ನನ್ನ ಏದುಸಿರು ನೋಡಿ ಕಂಡಕ್ಟರು ಕಿಟಕಿ ಬದಿಯ ಜಾಗ ಕೊಡಿಸಿದ. ಅಷ್ಟು ಗಾಳಿ ಮುಖಕ್ಕೆ ಬಡಿಯುತ್ತಿದ್ದರೂ ಒಳಗೆ ಹೋಗಲೊಲ್ಲದು. ಸಂಗಮದಲ್ಲಿ ಇಳಿದವಳು ಗುಡಿಯ ಹೊಸ್ತಿಲಲ್ಲೇ ಕುಸಿದು ಅತ್ತೆ. "ಯಪ್ಪಾ, ಉಸಿರರ ಕೊಡು, ಇಲ್ಲಾ ಕರ್ಕೋ. ನನ್ನ ಕಡಿಂದ ಆಗವಲ್ದು."

ಮನೆಗೆ ಬಂದರೆ ಸೊಸೆ ಗಂಗವ್ವ ಗೂಡಿನ ಮುಂದೆ ಕೂತಿದ್ದಳು. ನನಗೆ ಕೈಲಾಗದ ಮೇಲೆ, ಎರಡು ವರ್ಷದಿಂದ ಸುಡುವ ಕೆಲಸ ಅವಳದೇ. ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿತ್ತು. ಕೊರಳಿನ ಕೆಳಗೆಲ್ಲ ವಿಭೂತಿ ಬಳಿದುಕೊಂಡಿದ್ದಳು.

"ಯಾವಾಗಿಂದ ಐತವ್ವಾ ಇದು?"

"ದಸರಾದಾಗಿಂದ್ರಿ ಅತ್ತಿ. ನೀವು ಹಚ್ಕೊಂಡಂಗ ನಾನೂ ಹಚ್ಕೊಳ್ಳಾಕತ್ತೇನಿ. ಶಿವನ ಹೊಗಿ ಅಲ್ಲೇನ್ರಿ, ಹೋಗ್ತೈತಿ ಬಿಡ್ರಿ."

ರಟ್ಟೆ ಹಿಡಿದು ಅವಳನ್ನು ಆಚೆ ಸರಿಸಿದೆ. ಬಾನಿಯಲ್ಲಿದ್ದ ನೀರನ್ನೆಲ್ಲ ಉರಿಯುವ ಗೂಡಿಗೆ ಸುರಿದೆ. ನಮ್ಮ ಮನೆತನದಲ್ಲಿ ಯಾರೂ ಮಾಡದ ಕೆಲಸ. ಯಜಮಾನರು ಓಡಿ ಬಂದು, "ಹುಚ್ಚು ಹಿಡೀತೇನ ನಿನಗ!" ಎಂದು ಕೂಗಿದರು.

"ಹಿಡದಿತ್ರಿ. ಈಗ ಬಿಡ್ತು."

ಮರುದಿನ ಅವಳನ್ನೂ ಕರೆದುಕೊಂಡು ಹೋಗಿ ಅದೇ ಡಾಕ್ಟರರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಇಬ್ಬರ ಎದೆಗೂ ಕೊಳವೆ ಇಟ್ಟು ನೋಡಿದರು. "ಮೊದಲ ಹೇಳಿದ್ರ ಚಲೋ ಇತ್ತಮ್ಮಾ. ನಿಮ್ಮ ಶ್ವಾಸಕೋಶ ಸವದಾವು, ಮೊದಲಿನಂಗ ಆಗೂದಿಲ್ಲ. ಹುಡುಗಿ ಈಗ ಹೊಗಿ ಬಿಟ್ರ ಆರಾಮ ಆಗ್ತಾಳ" ಎಂದರು.

ಗೂಡು ಕೆಡವಿದೆವು. ಈಗ ಗುಡಿಯ ಹತ್ತಿರ ಕಾಯಿ, ಹೂವು ಮಾರುತ್ತೇವೆ. ಯುಗಾದಿಯ ಹೊತ್ತಿಗೆ ಗಂಗವ್ವನ ಕೆಮ್ಮು ಹೋಯಿತು. ನನ್ನದು ಹೋಗಿಲ್ಲ. ಇದನ್ನು ಬರೆಯುವಾಗಲೂ ಎರಡು ಸಲ ನಿಲ್ಲಿಸಿ ಉಸಿರಿನ ಪಂಪಿನಿಂದ ಔಷಧ ಎಳೆದುಕೊಂಡಿದ್ದೇನೆ. ನಾನು ಬೇಡಿದ್ದು ನನ್ನ ಉಸಿರು, ಸಂಗಮನಾಥ ಉಳಿಸಿದ್ದು ಅವಳದು. ಮೊದಲು ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಈಗ ಮಾತ್ರ ಆತನ ಪಾದ ಬಿಡಲಾರೆ. ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂರುತ್ತೇನೆ. "ಓಂ ನಮಃ" ಅನ್ನುವಷ್ಟರಲ್ಲಿ ನನ್ನ ಉಸಿರು ಮುಗಿಯುತ್ತದೆ. "ಶಿವಾಯ" ಅಂತ ಗಂಗವ್ವ ಹೇಳುತ್ತಾಳೆ.